ಚಂದ್ರನಿಗೊಂದು ಜಾಗ

ಸುಮಲತಾ ಟೀಚರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಂದನೇ ತರಗತಿಯ ಋತುಗಳ ಪಾಠದಲ್ಲಿ ಚಳಿಗಾಲಕ್ಕೆ ಹಿಮದ ಬೆಟ್ಟದ ಚಿತ್ರ ಹಾಕಿದ್ದು ಕಂಡಾಗಲೂ ಬಂತು. ಹೂವಿನಹಡಗಲಿಯ ಮಕ್ಕಳು ಹಿಮವನ್ನು ಎಲ್ಲಿ ಕಂಡಾವು? ಪಾಠವನ್ನು ಗಟ್ಟಿಯಾಗಿ ಓದಿಸಿ, ಪುಸ್ತಕ ಮುಚ್ಚಿಸಿ, ಒಂದು ದೊಡ್ಡ ರಟ್ಟನ್ನು ದುಂಡಗೆ ಕತ್ತರಿಸಿದಳು. ಇದರ ಮೇಲೆ ನಮ್ಮೂರಿನ ವರ್ಷವನ್ನು ಅಂಟಿಸೋಣ ಎಂದಳು.

ಮಕ್ಕಳು ಬೇಸಿಗೆಗೆ ಕಾಗದದ ಮಲ್ಲಿಗೆ ದಂಡೆ ಮಾಡಿದರು, ಮಳೆಗಾಲಕ್ಕೆ ಶೇಂಗಾ ಸಿಪ್ಪೆ ಅಂಟಿಸಿದರು. ಆಮೇಲೆ ಹಬ್ಬಗಳು ಬಂದವು. ಯುಗಾದಿಗೆ ಬೇವಿನೆಲೆ, ಪಂಚಮಿಗೆ ದಾರದ ಜೋಕಾಲಿ. ಬಸವೇಶ ಸಂಕ್ರಾಂತಿಗೆಂದು ಕಬ್ಬಿನ ಜಲ್ಲೆ ಬರೆದು ತಂದ. ಅದು ತೊಂಬತ್ತೊಂಬತ್ತರ ಡಿಸೆಂಬರ್, ರಂಜಾನ್ ತಿಂಗಳು ನಡೆದಿತ್ತು. ಅಕೀಲ ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆಯಿಂದ ಚಂದ್ರನನ್ನು ಕತ್ತರಿಸಿಕೊಂಡು ಬಂದಿದ್ದ. ಸುಮಲತಾ ಅದನ್ನು ಚಳಿಗಾಲದಲ್ಲಿ, ಕಬ್ಬಿನ ಪಕ್ಕಕ್ಕೆ ಅಂಟಿಸಿದಳು. ಶಾಲೆಗೆ ಬರಲೊಲ್ಲೆ ಎಂದು ತಿಂಗಳುಗಟ್ಟಲೆ ಅತ್ತಿದ್ದ ಹುಡುಗ ಅವತ್ತು ನಗುತ್ತ ಮನೆಗೆ ಹೋದ.

ಮರುದಿನ ಬೆಳಿಗ್ಗೆ ನೋಡಿದರೆ ಚಂದ್ರ ಅಕೀಲನ ಕೈಯಲ್ಲಿತ್ತು, ಅದರ ಜೊತೆ ಅರ್ಧ ಕಬ್ಬೂ ಕಿತ್ತುಬಂದಿತ್ತು. ಬಸವೇಶ ಬಾಯಿ ಮಾಡಿ ಅಳುತ್ತಿದ್ದ. ಸುಮಲತಾ ಯಾಕೆ ಏನು ಎಂದು ಕೇಳಲಿಲ್ಲ, ಗದರಿಸಿಬಿಟ್ಟಳು. ಅಕೀಲ ಚೀಲವನ್ನೂ ಬಿಟ್ಟು ಓಡಿಹೋದ. ಅದರ ಮರುದಿನ ಬರಲೇ ಇಲ್ಲ.

ಹೆಡ್‌ಮಾಸ್ತರ್ ವೀರಭದ್ರಯ್ಯನವರು ತಲೆ ಕೆರೆದುಕೊಂಡರು. ಛತ್ರಿ, ಸ್ವೆಟರ್ ಅಂಟಿಸಿದ್ದರೆ ಸಾಕಿತ್ತು, ಹಬ್ಬದ ಗೊಡವೆಗೆ ಯಾಕೆ ಹೋಗಬೇಕಿತ್ತು, ಮನೆಯವರು ಬೇರೆ ಅರ್ಥ ಮಾಡಿಕೊಂಡರೆ ಏನು ಗತಿ ಎಂದರು. ಸುಮಲತಾಗೆ ಊರಿನ ಚಿಂತೆಗಿಂತ ಹುಡುಗನ ಚಿಂತೆ ಹೆಚ್ಚಾಯಿತು. ಈಗ ಬಿಟ್ಟವನು ಮತ್ತೆ ಬರುವುದು ಸುಳ್ಳು. ಸಂಜೆ ಅವನ ಚೀಲ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಹಿಂದಿದ್ದ ಅವರ ಮನೆಗೆ ಹೊರಟಳು. ಯಾರೇನು ಅಂದರೂ ಸಿಟ್ಟಿಗೇಳಬಾರದು ಎಂದು ದಾರಿಯುದ್ದಕ್ಕೂ ತನಗೆ ತಾನೇ ಬುದ್ಧಿ ಹೇಳಿಕೊಂಡಳು.

ಬಾಗಿಲಲ್ಲಿ ಅಕೀಲನ ಅಜ್ಜಿ ಅಕ್ತರಬಿ ನಿಂತಿದ್ದಳು. ಟೀಚರನ್ನು ಕಂಡದ್ದೇ ಆಕೆಯ ಮುಖ ಬಿಳಚಿಕೊಂಡಿತು. ಹುಡುಗನ ಹೆಸರು ಹೊಡೆದುಹಾಕಿದ್ದೀರಾ ಎಂದು ಕೇಳಿದಳು. ಅವನು ಮನೆಯಲ್ಲಿ ಹಾಗೇ ಹೇಳಿಕೊಂಡು ಅತ್ತಿದ್ದನಂತೆ. ಎರಡೂ ಕಡೆ ಒಂದೇ ಭಯ ಕೂತಿತ್ತು ಎಂದು ತಿಳಿದಾಗ ಸುಮಲತಾ ಅಲ್ಲೇ ಕಟ್ಟೆಯ ಮೇಲೆ ಕೂತಳು. ಹಾಗಾದರೆ ಚಂದ್ರನನ್ನು ಕಿತ್ತದ್ದು ಯಾಕೆ?

"ಸಿಟ್ಟಿಗೆ ಕಿತ್ತಿಲ್ಲರಿ ಟೀಚರ್. ನಾನು ಉರಿಬಿಸಲಾಗೂ ರೋಜಾ ಉಪಾಸ ಹಿಡದೀನಿ, ಮಳ್ಯಾಗೂ ಹಿಡದೀನಿ. ನಮ್ಮ ರಂಜಾನ್ ಒಂದ ಕಡಿ ಕುಂದ್ರಂಗಿಲ್ಲ, ವರ್ಷಾ ಹಿಂದಕ್ಕ ಸರಕೋಂತ ಹೋಗತೈತಿ ಅಂತ ಅವಗ ಹೇಳಿದ್ದೆ. ಹಂಗಾರ ಟೀಚರ್ದು ತಪ್ಪಾಕ್ಕೈತಿ, ಯಾರರ ನೋಡಿ ನಗ್ತಾರ ಅಂತ ಹೊತ್ತೇರೂದರಾಗ ಕೀಳಾಕ ಸಾಲಿಗೆ ಓಡಿದ ನೋಡ್ರಿ."

ಸುಮಲತಾಗೆ ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿದವು. ಅಕ್ತರಬಿ ತಾನು ಉಪವಾಸವಿದ್ದೂ ಚಹಾ ಮಾಡಿಕೊಟ್ಟಳು. ಒಲ್ಲೆ ಎಂದರೆ ಕೇಳುವ ಹೆಂಗಸಲ್ಲ. ಕದದ ಮರೆಯಿಂದ ಅಕೀಲ ಇಣುಕಿ ತನ್ನ ಚೀಲವನ್ನು ಮೆಲ್ಲಗೆ ಎಳೆದುಕೊಂಡ.

ಮರುದಿನ ಸುಮಲತಾ ಹರಿದ ಕಬ್ಬಿಗೆ ತೇಪೆ ಹಚ್ಚಿದಳು. ಉದ್ದನೆಯ ರಟ್ಟಿನ ಪಟ್ಟಿಯ ತುದಿಗೆ ಚಂದ್ರನನ್ನು ಅಂಟಿಸಿ, ಅದರ ಇನ್ನೊಂದು ತುದಿಯನ್ನು ದುಂಡು ರಟ್ಟಿನ ನಟ್ಟನಡುವೆ ತಿರುಗುವಂತೆ ಒಂದು ಟಿಚ್ ಬಟನ್‌ನಿಂದ ಸಿಕ್ಕಿಸಿದಳು. ಅಕೀಲ ಬೆರಳು ತಾಗಿಸಿದ್ದೇ ತಡ, ಚಂದ್ರ ಚಳಿ ಬಿಟ್ಟು ಶೇಂಗಾ ದಾಟಿ ಮಲ್ಲಿಗೆಯ ಹತ್ತಿರ ಹೋಗಿ ನಿಂತಿತು. ಇಡೀ ತರಗತಿ ನನಗೂ ನನಗೂ ಎಂದು ಮುಗಿಬಿತ್ತು. ಬಸವೇಶನೊಬ್ಬ ಮುಖ ಊದಿಸಿಕೊಂಡು ಮೂಲೆಯಲ್ಲಿ ನಿಂತ.

"ನಮ್ಮ ಸಂಕ್ರಾಂತಿ ಯಾಕ ತಿರುಗಂಗಿಲ್ಲರಿ?"

ಅಕೀಲ ಬಸವೇಶನ ಕೈ ಹಿಡಿದು ತಂದು ಪಟ್ಟಿಯ ಮೇಲಿಟ್ಟ.

"ಇದನ್ನ ನೀನ ತಿರುಗಸಲೇ. ಆದ್ರ ಹಿಂದಕ್ಕ ತಿರುಗಸಬೇಕು, ಮುಂದಕ್ಕಲ್ಲ."