ಎದೆಯ ಕುಳಿಯಲ್ಲಿ ನಿಂತ ಎಣ್ಣೆ

ಪಂಪ್‌ವೆಲ್ ಹತ್ತಿರದ ಕುಶಲಾಳ ಮನೆಯಲ್ಲಿ ದೀಪಾವಳಿಯ ಎಣ್ಣೆಸ್ನಾನದ ದಿನ ಒಂದು ತಮಾಷೆ ತಪ್ಪದೆ ನಡೆಯುತ್ತಿತ್ತು. ಮಗ ಶ್ರವಣ್‌ನನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಅವನ ಎದೆಯ ನಡುವಿನ ಕುಳಿಗೆ ಕುಶಲಾ ಚಮಚದಲ್ಲಿ ಎಣ್ಣೆ ಹಾಕುವಳು. ಚೆಲ್ಲದೆ ಎಷ್ಟು ಚಮಚ ನಿಲ್ಲುತ್ತದೆ ಎಂದು ಎಲ್ಲರೂ ಎಣಿಸುವರು. ಐದನೇ ವಯಸ್ಸಿನಲ್ಲಿ ಒಂದು ಚಮಚ ನಿಂತಿತ್ತು. ಹದಿನಾಲ್ಕು ತುಂಬಿದ ಆ ವರ್ಷ ನಾಲ್ಕು ನಿಂತಿತು.

"ನನ್ನ ಅಪ್ಪನಿಗೂ ಹೀಗೇ ಇತ್ತು. ಎಂಬತ್ತು ವರ್ಷ ಬದುಕಿದ್ರು. ಇದು ನಮ್ಮ ಮನೆಯ ಗುರ್ತು," ಎಂದ ಗಂಡ ಜಯ. ಅವನು ಪಣಂಬೂರಿನಲ್ಲಿ ಲಾರಿ ಓಡಿಸುವವನು.

ಗುರುತೇನೋ ಸರಿ. ಆದರೆ ಅದೇ ಸಂಜೆ ಕುಣಿತ ಭಜನೆಯಲ್ಲಿ, ಹಾಡುತ್ತ ಹೆಜ್ಜೆ ಹಾಕುತ್ತಿದ್ದ ತಂಡದಿಂದ ಶ್ರವಣ್ ಮೂರನೇ ಹಾಡಿಗೇ ಹೊರಬಂದು ಕುಳಿತ. ಹಿಂದಿನ ವರ್ಷ ಐದು ಹಾಡು ತಡೆದಿದ್ದ.

"ತಿನ್ನುವಾಗ ಇಲ್ಲದ ಸುಸ್ತು ಕುಣಿಯುವಾಗ ಎಲ್ಲಿಂದ ಬರ್ತದೆ ನಿಂಗೆ? ಬರೀ ಉದಾಸೀನ, ಮೈಗಳ್ಳತನ," ಎಂದು ಕುಶಲಾ ನಾಲ್ಕು ಜನರ ಮುಂದೆಯೇ ಗದರಿದಳು. ಹುಡುಗ ತಲೆ ತಗ್ಗಿಸಿ ಏದುಸಿರು ಬಿಡುತ್ತಿದ್ದ.

ಎಣ್ಣೆಯ ತಮಾಷೆಯನ್ನು ಪ್ರತಿ ವರ್ಷ ನೋಡುತ್ತಿದ್ದ ಪಕ್ಕದ ಮನೆಯ ಆಗ್ನೆಸ್ ಅಲ್ಲೇ ಇದ್ದರು. ಮೂವತ್ತು ವರ್ಷ ನರ್ಸ್ ಆಗಿ ದುಡಿದು ನಿವೃತ್ತರಾದವರು. ಕೇರಿಗೆಲ್ಲ ಅವರು ಇಂದಿಗೂ ಸಿಸ್ಟರೇ. ಅವರು ಹುಡುಗನ ನಾಡಿ ಹಿಡಿದು ನೋಡಿದರು.

"ಬೈಬೇಡ ಕುಶಲಾ. ಇವನಿಗೆ ಉಸಿರು ಸಾಲುವುದಿಲ್ಲ. ಎದೆಮೂಳೆ ಒಳಗೆ ಬಾಗಿ ಹೃದಯವನ್ನು ಒತ್ತುತ್ತದೋ ಎಂತದೋ, ಒಮ್ಮೆ ಡಾಕ್ಟರಿಗೆ ತೋರಿಸು."

"ನಮ್ಮ ಮಾವನಿಗೂ ಇತ್ತಲ್ಲ ಸಿಸ್ಟರ್. ಅವರಿಗೆ ಎಂತ ಆಯ್ತು?"

"ಮಾವನಿಗೆ ಎಷ್ಟು ಚಮಚ ಎಣ್ಣೆ ನಿಲ್ತಿತ್ತು, ಹೇಳು? ಗೊತ್ತಿಲ್ಲ ಅಲ್ವಾ? ಇವನದ್ದು ನಿಂಗೆ ಗೊತ್ತುಂಟು. ಒಂದು ಇದ್ದದ್ದು ನಾಲ್ಕು ಆಗಿದೆ, ನೀನೇ ಅಳೆದದ್ದು ಮಾರಾಯ್ತಿ. ಬೆಳೆಯುವ ವಯಸ್ಸಲ್ಲಿ ಈ ಹೊಂಡ ಆಳ ಆಗ್ತಾ ಹೋಗ್ತದೆ."

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಪಕ್ಕದ ಮನೆಯವರ ಮಾತನ್ನು ಕುಶಲಾ ಬೇರೆ ದಿನವಾಗಿದ್ದರೆ ಗಾಳಿಗೆ ಬಿಡುತ್ತಿದ್ದಳೋ ಏನೋ. ಆದರೆ ಆ ನಾಲ್ಕು ಚಮಚ ಅವಳ ತಲೆಯಿಂದ ಇಳಿಯಲಿಲ್ಲ. ಮರುವಾರವೇ ಮಗನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು.

ಹೃದಯದ ಸ್ಕ್ಯಾನ್, ಎದೆಯ ಸ್ಕ್ಯಾನ್, ಕೊಳವೆಗೆ ಊದಿಸುವ ಉಸಿರಿನ ಪರೀಕ್ಷೆ ಎಲ್ಲವೂ ಆದವು. "ಹೊಂಡ ಇದ್ದವರಿಗೆಲ್ಲ ಆಪರೇಷನ್ ಬೇಡ. ಇವನಿಗೆ ಬೇಕು. ಹೃದಯಕ್ಕೆ ತುಂಬಲು ಜಾಗ ಸಾಲುವುದಿಲ್ಲ," ಎಂದರು ಡಾಕ್ಟರು. ಬೇಸಗೆ ರಜೆಯಲ್ಲಿ ಆಪರೇಷನ್ ಆಯಿತು. ಎದೆಮೂಳೆಯ ಅಡಿಗೆ ಬಾಗಿದ ಒಂದು ಲೋಹದ ಪಟ್ಟಿ ಕೂರಿಸಿ ಮೂಳೆಯನ್ನು ಎತ್ತಿ ನಿಲ್ಲಿಸಿದರು. ಎರಡು ಮೂರು ವರ್ಷದ ಮೇಲೆ ಪಟ್ಟಿ ತೆಗೆಯುತ್ತಾರಂತೆ.

ಮನೆಗೆ ಕಳಿಸುವಾಗ ಮೂರು ಪ್ಲಾಸ್ಟಿಕ್ ಗುಂಡುಗಳ ಒಂದು ಸಾಧನ ಕೊಟ್ಟಿದ್ದರು. ಉಸಿರು ಒಳಗೆಳೆದರೆ ಗುಂಡು ಮೇಲೇರಬೇಕು. ದಿನಕ್ಕೆ ಹಲವು ಸಲ ಮಾಡಬೇಕು. ಶ್ರವಣ್ ಎರಡು ಸಲ ಎಳೆದು ನೋವಿನಿಂದ ಮುಖ ಕಿವುಚಿದ. ತಾಯಿಯ ಕರುಳು. ಕುಶಲಾ ಆ ಸಾಧನವನ್ನು ಕಪಾಟಿನಲ್ಲಿ ಸೀರೆಗಳ ಹಿಂದೆ ಬಚ್ಚಿಟ್ಟಳು.

ಆರು ವಾರದ ಮೇಲೆ ಪರೀಕ್ಷೆಯಲ್ಲಿ ಉಸಿರು ಮೊದಲಿಗಿಂತಲೂ ಕಡಿಮೆ ಬಂತು. ಕುಶಲಾ ಸೀದಾ ಆಗ್ನೆಸ್ ಅವರ ಅಡುಗೆಮನೆಗೆ ಹೋಗಿ ಅತ್ತಳು.

"ಮಗುವಿನ ಎದೆ ಕುಯ್ಸಿದ್ದು ದಂಡ ಆಯ್ತಾ ಸಿಸ್ಟರ್?"

"ಗುಂಡು ಈಗ ಎಷ್ಟು ಏರ್ತದೆ?"

ಕುಶಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅದು ಕಪಾಟಿನಲ್ಲಿ ಉಂಟು."

ಆಗ್ನೆಸ್ ಬೈಯಲಿಲ್ಲ. ಅದೇ ಅವರ ದೊಡ್ಡತನ. "ಶುರುವಿಗೆ ನೋವಿನಿಂದ ಉಸಿರು ಕಡಿಮೆ ಆಗುವುದು ಉಂಟು, ಹೆದರ್ಬೇಡ. ಡಾಕ್ಟರು ಒಳಗೆ ಜಾಗ ಮಾಡಿ ಕೊಟ್ಟಿದ್ದಾರೆ. ಅದನ್ನು ತುಂಬಿಸುವ ಕೆಲಸ ನಮ್ಮದು. ನೋವಿನ ಮಾತ್ರೆ ಡಾಕ್ಟರು ಹೇಳಿದ ಹೊತ್ತಿಗೆ ಕೊಡು, ಆಮೇಲೆ ಉಸಿರು ಎಳೆಯಲು ಕೂರಿಸು. ಜ್ವರ ಬಂದ್ರೆ, ಉಬ್ಬಸ ಹೆಚ್ಚಾದ್ರೆ, ಎದೆಗೆ ಪೆಟ್ಟು ಬಿದ್ರೆ ಮಾತ್ರ ಕೂಡಲೇ ಆಸ್ಪತ್ರೆಗೆ ಹೋಗ್ಬೇಕು."

ಅಂದಿನಿಂದ ಮಳೆಗಾಲ ಮುಗಿಯುವವರೆಗೆ, ಮಂಡಿನೋವನ್ನೂ ಲೆಕ್ಕಿಸದೆ, ಆಗ್ನೆಸ್ ದಿನಾ ಸಂಜೆ ಬಂದು ಶ್ರವಣ್ ಜೊತೆ ಕೂತರು. ತಾವೂ ಒಂದು ಸಾಧನ ತಂದು ಎಳೆದರು. ಅವರದ್ದು ಒಂದೇ ಗುಂಡು ಏರುತ್ತಿತ್ತು.

"ಎಂತ ಸಿಸ್ಟರ್, ನಿಮಗೇ ಉಸಿರಿಲ್ಲ," ಎಂದು ಹುಡುಗ ನಕ್ಕ. ನಗುವಾಗ ನೋಯುತ್ತಿತ್ತು, ಆದರೂ ಬಿಡಲಿಲ್ಲ. ಮೊದಲ ಗುಂಡು ಏರಿತು, ತಿಂಗಳ ಮೇಲೆ ಎರಡನೆಯದು. ಚೌತಿಯ ಹೊತ್ತಿಗೆ ಮೂರೂ ಮೇಲೆ ನಿಂತವು. ಹದಿನೈದರ ಆ ಪೋರನ ಹಟವನ್ನು ಮೆಚ್ಚಲೇಬೇಕು.

ಆರನೇ ತಿಂಗಳ ಪರೀಕ್ಷೆ ನೋಡಿ ಡಾಕ್ಟರು ಹೇಳಿದರು: "ಶ್ವಾಸಕೋಶದ ಅಂಕೆ ಸ್ವಲ್ಪವೇ ಮೇಲೆ ಬಂದಿದೆ. ಆದರೆ ಹೃದಯದ ಮೇಲಿನ ಒತ್ತಡ ಹೋಗಿದೆ, ಅದು ಆರಾಮಾಗಿ ತುಂಬುತ್ತಾ ಉಂಟು. ಇನ್ನು ನಿಧಾನಕ್ಕೆ ಕುಣಿಯಲಿ. ಎದೆಗೆ ಪೆಟ್ಟು ಬೀಳುವ ಆಟ ಮಾತ್ರ ಬೇಡ."

ಮತ್ತೆ ದೀಪಾವಳಿ ಬಂತು. ಕುಶಲಾ ಮಗನ ಎದೆಗೆ ಒಂದು ಚಮಚ ಎಣ್ಣೆ ಹಾಕಿದಳು. ಎಣ್ಣೆ ನಿಲ್ಲಲಿಲ್ಲ, ಪಕ್ಕೆಯ ಮೇಲಿಂದ ಇಳಿದು ಚಾಪೆಗೆ ಹೋಯಿತು.

"ಚಾಪೆ ಹಾಳಾಯ್ತಲ್ಲ ಅಮ್ಮ," ಎಂದ ಶ್ರವಣ್.

"ಆಗಲಿ ಬಿಡು," ಎಂದಳು ಕುಶಲಾ.

ಆ ಸಂಜೆ ಶ್ರವಣ್ ಮೂರನೇ ಹಾಡು ದಾಟಿದ, ಐದನೆಯದನ್ನೂ ದಾಟಿದ, ಮಂಗಳ ಹಾಡುವವರೆಗೆ ಹೆಜ್ಜೆ ತಪ್ಪಿಸಲಿಲ್ಲ. ಮುಗಿದ ಮೇಲೆ ಕುಶಲಾ ಹಿಂದಿನ ವರ್ಷದ ಅದೇ ನಾಲ್ಕು ಜನರ ಮುಂದೆ ಹೇಳಿದಳು: "ಇವನನ್ನು ಉದಾಸೀನ ಅಂತ ಬೈದದ್ದು ನನ್ನ ತಪ್ಪು. ಇವನಿಗೆ ಇದ್ದದ್ದು ಉಸಿರಿನ ಕೊರತೆ. ಕಂಡುಹಿಡಿದದ್ದು ನಮ್ಮ ಸಿಸ್ಟರ್."

ತಾಯಂದಿರೇ, ತಂದೆಯರೇ, ಮುಂದಿನ ಎಣ್ಣೆಸ್ನಾನದ ದಿನ ನಿಮ್ಮ ಮಗುವಿನ ಎದೆಯನ್ನೂ ಒಮ್ಮೆ ಸರಿಯಾಗಿ ನೋಡಿ. ಎದೆ ಒಳಗೆ ಕುಸಿದಿದ್ದರೆ, ಆಡುವಾಗ ಮಗು ಬೇಗ ಸೋತರೆ, ಸೋಮಾರಿ ಎನ್ನುವ ಮೊದಲು ಡಾಕ್ಟರಿಗೆ ತೋರಿಸಿ. ಆಪರೇಷನ್ ಆಗಿದ್ದರೆ ಉಸಿರಿನ ವ್ಯಾಯಾಮ ಬಿಡಿಸಬೇಡಿ, ಪರೀಕ್ಷೆಯ ದಿನ ತಪ್ಪಿಸಬೇಡಿ. ಮತ್ತೆ ಆ ಗುಂಡಿನ ಸಾಧನ ನಿಮ್ಮ ಮನೆಯಲ್ಲೂ ಸೀರೆಗಳ ಹಿಂದೆ ಇದ್ದರೆ, ಇವತ್ತೇ ಹೊರಗೆ ತೆಗೆಯಿರಿ.