ಮೂರು ಸಾಲಿನ ಹೊಲಿಗೆ

ದರ್ಜಿ ಅಕ್ಕನ ಕೈಯ ಹೊಲಿಗೆ ಬಿಟ್ಟಿತೆಂದು ಯಾರೂ ಅವಳ ಅಂಗಡಿಯ ಮೆಟ್ಟಿಲು ಹತ್ತಿದ್ದಿಲ್ಲ. ಮದುವೆಯ ಉಡುಪಿನಿಂದ ಹಿಡಿದು ಲಾರಿಯ ಟಾರ್ಪಾಲಿನವರೆಗೆ ಎಲ್ಲವನ್ನೂ ಹೊಲಿದವಳು. ಬೆಟ್ಟ ಹತ್ತುವ ಮಾತು ಬಂದಾಗ ಗುಡಾರವನ್ನೂ ತಾನೇ ಹೊಲಿಯುತ್ತೇನೆಂದಳು. ಅಂಗಡಿಯಲ್ಲಿ ಸಿಗುವ ಗುಡಾರ ಹೊತ್ತರೆ ಹೆಗಲು ಕಿತ್ತುಬರುವಷ್ಟು ಭಾರ. ಇವಳದು ಮಡಿಸಿದರೆ ಒಂದು ಬ್ರೆಡ್ಡಿನಷ್ಟು. ಎರಡು ಕೋಲು, ನಾಲ್ಕು ಗೂಟ, ನೀರು ಹಿಡಿಯದ ತೆಳು ಬಟ್ಟೆಯ ಎರಡು ತುಂಡು ಸೇರಿಸಿದ ಸೂರು, ಅಷ್ಟೇ.

ಬೆಟ್ಟದ ಆಸೆ ತಂಗಿಯದು. ಬಸ್ ಕಂಡಕ್ಟರ್ ಆಗಿದ್ದವಳು, ಎದೆಗೆ ಜ್ವರ ಇಳಿದು ಚಳಿಗಾಲವಿಡೀ ಹಾಸಿಗೆ ಹಿಡಿದಿದ್ದಳು. ಎದ್ದ ಮೇಲೆ ಗೋಡೆ ನೋಡಿ ನೋಡಿ ಸಾಕಾಯಿತೆಂದು ಹಟ ಹಿಡಿದಳು. ನಡೆಯಲಿ, ಆದರೆ ಮೈ ನೆನೆಯಕೂಡದು, ಇನ್ನೊಮ್ಮೆ ಜ್ವರ ಎದೆಗಿಳಿದರೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದಿದ್ದರು ಡಾಕ್ಟರು. ಹೊರಡುವಾಗ ತಂಗಿಯ ಗಂಡ ಬಾಗಿಲಿಗೆ ಅಡ್ಡ ನಿಂತಿದ್ದ.

“ಅತ್ತಿಗೆ, ನಿಮ್ಮನ್ನ ನಂಬಿ ಕಳಿಸ್ತಿದೀನಿ.”

“ಅವಳ ಮೇಲೆ ಒಂದು ಹನಿ ಬೀಳೋಲ್ಲ ಕಣಪ್ಪ,” ಎಂದಿದ್ದಳು ಅಕ್ಕ.

ಬಟ್ಟೆ ಮಾರಿದವನು ಹೊಲಿಗೆಯ ಮೇಲೆ ಅಂಟು ಬಳಿಯಲು ಹೇಳಿದ್ದ. ಅಂಟು ಬೇಕಾಗುವುದು ಲಕೋಟೆಗೆ, ನನ್ನ ಹೊಲಿಗೆಗಲ್ಲ ಎಂದು ಅವಳು ನಕ್ಕುಬಿಟ್ಟಿದ್ದಳು. ಅದರ ಬದಲು ಸೂರಿನ ಎರಡು ತುಂಡು ಕೂಡುವ ನಡು ನೆತ್ತಿಗೆ ಮೂರು ಸಾಲು ಹೊಲಿಗೆ ಹಾಕಿದಳು, ಒತ್ತೊತ್ತಾಗಿ, ಸಾಸಿವೆ ತೂರದ ಹಾಗೆ.

ಎರಡನೆಯ ದಿನ ಮಧ್ಯಾಹ್ನ ಮೋಡ ಬೆಟ್ಟದ ಮೇಲೆ ಕವುಚಿಕೊಂಡಿತು. ಹನಿ ಬೀಳುವ ಮೊದಲೇ ಅಕ್ಕ ದಿಬ್ಬದ ಮೇಲೆ ಗುಡಾರ ಎಬ್ಬಿಸಿ, ತಂಗಿಯನ್ನು ಮಲಗುವ ಚೀಲದೊಳಗೆ ತೂರಿಸಿದಳು. ಇಬ್ಬರೂ ಒತ್ತಿಕೊಂಡು ಮಲಗುವಷ್ಟೇ ಜಾಗ.

“ಒಳಗೆ ನಡೀರಿ, ಒಳಗೆ ನಡೀರಿ, ಹಿಂದೆ ಖಾಲಿ ಇದೆ,” ಎಂದಳು ತಂಗಿ, ಬಸ್ಸಿನ ದನಿಯಲ್ಲಿ. ಅಕ್ಕ ನಕ್ಕಳು. ನಗುತ್ತಿರುವಾಗಲೇ ಮಳೆ ಕಲ್ಲು ಸುರಿದಂತೆ ಬಿತ್ತು.

ಸ್ವಲ್ಪ ಹೊತ್ತಿನ ಮೇಲೆ ತಂಗಿ ಕೆನ್ನೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ಅಕ್ಕ ಕೈ ಚಾಚಿ ಸೂರಿನ ನೆತ್ತಿ ಮುಟ್ಟಿದಳು. ಸೂಜಿ ಹೊಕ್ಕ ಒಂದೊಂದು ತೂತಿನಲ್ಲೂ ಒಂದೊಂದು ನೀರಿನ ಮಣಿ ಕೂತಿತ್ತು. ಮೂರು ಸಾಲೂ ತುಂಬಿ ನಿಂತಿತ್ತು. ಬಟ್ಟೆ ಸೋರಿರಲಿಲ್ಲ. ಸೋರುತ್ತಿದ್ದುದು ಅವಳ ಹೊಲಿಗೆ. ಗಟ್ಟಿಯಾಗಲೆಂದು ಚುಚ್ಚಿದ್ದೆಲ್ಲ ತೂತಾಗಿತ್ತು.

ಇಳಿದು ಹೋಗೋಣವೆಂದರೆ ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಈಗ ಕೆಳಗೆ ಬಂಡೆ ಉರುಳಿಸಿಕೊಂಡು ಹೋಗುವ ಸದ್ದು ಕೇಳುತ್ತಿತ್ತು. ಮಲಗುವ ಚೀಲದ ಎದೆಭಾಗ ಆಗಲೇ ತೇವವಾಗಿತ್ತು. ತಂಗಿ ಕೆಮ್ಮಿದಳು. ಚಳಿಗಾಲವಿಡೀ ಅಕ್ಕ ಕೇಳಿಸಿಕೊಂಡ ಕೆಮ್ಮು, ತಳ ಕೆರೆದಂಥದು.

ಅಕ್ಕ ಬೆನ್ನಿನ ಚೀಲದಿಂದ ಕತ್ತರಿ ತೆಗೆದಳು.

“ಏನ್ ಮಾಡ್ತೀಯಕ್ಕಾ?”

“ಹೊಲಿಗೆ ಇಲ್ಲದ ಬಟ್ಟೆ ನಿಂಗೆ. ಸುಮ್ನೆ ಮಲ್ಕೋ.”

ನೆತ್ತಿಯ ಎರಡು ಪಕ್ಕಕ್ಕೂ ಕತ್ತರಿ ಓಡಿಸಿ, ಮೂರು ಸಾಲನ್ನೂ ಪಟ್ಟಿಯಾಗಿ ಕೊಯ್ದು ಎಸೆದಳು. ಸೂರು ಎರಡು ಹೋಳಾಯಿತು. ಮಳೆ ಒಮ್ಮೆಗೇ ಒಳಗೆ ನುಗ್ಗಿತು. ತನ್ನ ಮೈಯನ್ನೇ ಅಡ್ಡ ಹಿಡಿದು, ತಂಗಿಯನ್ನು ಮಲಗುವ ಚೀಲದಿಂದ ಹೊರಗೆಳೆದು, ಒದ್ದೆ ಅಂಗಿ ಬಿಡಿಸಿ, ಬೆನ್ನಿನ ಚೀಲದ ತಳದಲ್ಲಿದ್ದ ಒಣ ಸ್ವೆಟರ್ ತೊಡಿಸಿ, ಒಂದು ಹೋಳಿನಲ್ಲಿ ಕೂಸಿನಂತೆ ಸುತ್ತಿದಳು. ಇನ್ನೊಂದನ್ನು ಅವಳ ತಲೆಯ ಮೇಲೆ ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು ಮಂಡಿಯೂರಿ ಕೂತಳು. ಬೆನ್ನಿನ ಮೇಲೆ ನೀರು ಹರಿಯುತ್ತಿತ್ತು.

“ನೀನೂ ಒಳಗೆ ಬಾ.”

“ಇಬ್ಬರಿಗೆ ಸಾಲಲ್ಲ ಕಣೇ. ನಂಗೇನು, ಒಗೆದ ಬಟ್ಟೆ, ಒಣಗ್ತೀನಿ.”

ತಂಗಿ ಕಣ್ಣು ಮುಚ್ಚಿಕೊಂಡಳು. ಮಾತು ನಿಂತಿತು, ಕೆಮ್ಮೂ ನಿಂತಿತು. ಬೆಳಕು ಇಳಿಯುತ್ತ ಬಂದರೂ ಮಳೆಯ ಸದ್ದು ಒಂದಿಷ್ಟೂ ಇಳಿಯಲಿಲ್ಲ. ಅಕ್ಕ ಒಂದು ಕೈ ಬಿಡಿಸಿಕೊಂಡು, ಮರಗಟ್ಟಿದ ಬೆರಳನ್ನು ಬಾಯಿಯ ಉಸಿರಿನಲ್ಲಿ ಕಾಸಿಕೊಂಡು, ಬಟ್ಟೆಯ ಮಡಿಕೆಯೊಳಗೆ ತೂರಿಸಿ ತಂಗಿಯ ಎದೆ ಮುಟ್ಟಿ ನೋಡಿದಳು.

ಒಂದು ಹನಿಯೂ ಇರಲಿಲ್ಲ. ಒಣಗಿತ್ತು, ಒಲೆಯ ಮೇಲಿಟ್ಟ ಕಾವಲಿಯಂತೆ ಸುಡುತ್ತಿತ್ತು.