ಉಸಿರಿಗೆ ಸುತ್ತಿದ ಪಟ್ಟೆ

ಮುಂಗಾರಿನ ಕಡಲು, ಹೊಳೆ ಬಂದು ಸೇರುವ ಅಳಿವೆಯ ಬಾಯಿಗೆ ಮರಳಿನ ದಿಬ್ಬ ಕಟ್ಟಿಬಿಟ್ಟರೆ, ಕಾಯ್ಕಿಣಿಯ ತಗ್ಗುಗದ್ದೆಗಳ ಮಳೆನೀರಿಗೆ ಹೊರದಾರಿಯಿಲ್ಲ. ಆ ವರ್ಷವೂ ಹಾಗೆಯೇ ಆಯಿತು. ನಿಂತ ನೀರು ದುರ್ಗಿಯ ಭತ್ತದ ಸಸಿಮಡಿಯನ್ನು ಮುಳುಗಿಸಿತ್ತು. ಸಂಜೆಯೊಳಗೆ ದಿಬ್ಬ ಕಡಿಯದಿದ್ದರೆ ಸಸಿಗಳು ಕೊಳೆಯುವುದು ನಿಶ್ಚಿತ. ಮತ್ತೆ ಬಿತ್ತಲು ಅವಳ ಮನೆಯಲ್ಲಿ ಬೀಜವಿರಲಿಲ್ಲ.

ಶಿರಾಲಿ ಕಡೆಯ ಚಿರೆಕಲ್ಲಿನ ಕ್ವಾರಿಯಿಂದ ಸುಧಾಕರ ತನ್ನ ಅಗೆಯುವ ಯಂತ್ರವನ್ನು ತಂದನು. ಹಿಂದಿನ ಮಳೆಗಾಲದಲ್ಲಿ ಅಳಿವೆಯನ್ನು ತೆರೆದವನೂ ಅವನೇ. ಕೆಂಪು ಧೂಳಿನಲ್ಲಿ ದುಡಿಯುವ ಯಂತ್ರಕ್ಕೆ ಶುದ್ಧವಾಯುವೇ ಪ್ರಾಣವೆಂದು ಬಲ್ಲ ಅವನು, ಬೆಳಿಗ್ಗೆಯೇ ಹಳೆಯ ಏರ್ ಫಿಲ್ಟರನ್ನು ತೆಗೆದು, ಅದರ ಗೂಡನ್ನು ಒದ್ದೆ ಬಟ್ಟೆಯಿಂದ ಒರಸಿ, ಹೊಸದನ್ನು ಕೂರಿಸಿದ್ದನು.

ವಾಡಿಕೆಯಂತೆ ಕಡಲಿಗೆ ಹಾಲೆರೆದು, ಯಂತ್ರಕ್ಕೆ ಕಾಯಿ ಒಡೆದರು. ಕಳೆದ ವರ್ಷ ತನ್ನ ಬೆಳೆ ಉಳಿದ ಉಪಕಾರಸ್ಮರಣೆಗಾಗಿ ದುರ್ಗಿ, ಯಂತ್ರದ ಬೆನ್ನಮೇಲೆ ಎದ್ದು ನಿಂತಿದ್ದ ದುಂಡು ಟೊಪ್ಪಿಗೆಗೆ ಹರಕೆಯ ಕೆಂಪು ಪಟ್ಟೆವಸ್ತ್ರವನ್ನು ಬಿಗಿಯಾಗಿ ಸುತ್ತಿದಳು. ಸುಧಾಕರ ಆಗ ಊರವರೊಡನೆ ಮರಳಿನ ಮೇಲೆ ಗೆರೆ ಎಳೆದು ಕಡಿಯುವ ದಾರಿಯನ್ನು ನಿಶ್ಚಯಿಸುತ್ತಿದ್ದನು.

ಕೆಲಸಕ್ಕಿಳಿದ ತುಸುಹೊತ್ತಿನಲ್ಲಿಯೇ ಯಂತ್ರ ಕಪ್ಪು ಹೊಗೆ ಉಗುಳಿತು. ಬಕೆಟ್ ಮರಳಿನಲ್ಲಿ ಸಿಕ್ಕಿ ನಿಂತಿತು. ಗಾಳಿಗೆ ತಡೆಯಿದೆಯೆಂದು ತೋರುವ ಕೆಂಪು ದೀಪ ಉರಿಯಿತು. ಸುಧಾಕರ ಎಂಜಿನ್ ನಿಲ್ಲಿಸಿ ಫಿಲ್ಟರ್ ತೆಗೆದು ನೋಡಿದರೆ ಅದು ಬೆಳಗಿನಂತೆಯೇ ನಿರ್ಮಲ. ಕೊಳವೆಯ ಗುಂಟ ಮೇಲಕ್ಕೆ ಕಣ್ಣಾಡಿಸಿದಾಗ ಕಂಡಿತು: ಗಾಳಿ ಒಳಸೇರುವ ಬಾಯಿಯನ್ನೇ ಪಟ್ಟೆ ಮುಚ್ಚಿತ್ತು.

ಹರಕೆಯ ಬಟ್ಟೆಯನ್ನು ಕಾರ್ಯ ಮುಗಿಯುವ ಮೊದಲು ಬಿಚ್ಚಿದರೆ ಕಡಲು ಮುನಿದೀತೆಂದು ಊರಿನ ಹಿರಿಯ ದೇವಪ್ಪ ತಡೆದನು. ಸುಧಾಕರ ಅದಕ್ಕೆ ಕೈ ಹಚ್ಚದೆ ದುರ್ಗಿಯನ್ನು ಕರೆದನು.

"ದುರ್ಗಕ್ಕಾ, ಅದು ಮಂಡೆ ಅಲ್ಲ, ಮೂಗು. ಮುಂಡಾಸು ಸುತ್ತೂಕೆ ಹೋಗಿ ಮೂಗೇ ಮುಚ್ಬಿಟ್ರಿ."

ನೆರೆದವರು ನಕ್ಕರು. ದುರ್ಗಿ ಗದ್ದೆಯ ನೀರಿನತ್ತ ಒಮ್ಮೆ, ದೇವಪ್ಪನತ್ತ ಒಮ್ಮೆ ನೋಡಿ, ಯಂತ್ರವನ್ನೇರಿ ಗಂಟಿಗೆ ಕೈಹಾಕಿದಳು.

"ಉಸ್ರು ಕಟ್ಸಿ ಮಾಡೂ ಪೂಜೆ ಯಾವ ದೇವ್ರಿಗೂ ಬ್ಯಾಡ, ದೇವಪ್ಪಣ್ಣ. ಕಟ್ದವ್ಳು ನಾನೇ, ಬಿಚ್ಚೂದೂ ನಾನೇ."

ಪಟ್ಟೆ ಬಿಚ್ಚಿಕೊಂಡು ಇಳಿಯುವಾಗ ದೇವಪ್ಪನೇ ಅವಳಿಗೆ ಕೈಯಾಸರೆ ನೀಡಿದನು.

ಯಂತ್ರ ದೀರ್ಘವಾಗಿ ಉಸಿರೆಳೆದು ಗುಡುಗಿತು. ಹೊಗೆ ತಿಳಿಯಾಯಿತು. ಹೊತ್ತು ಇಳಿಯುವ ಮೊದಲೇ ದಿಬ್ಬ ಸೀಳಿ, ಕೆನ್ನೀರು ಕಡಲಿಗೆ ಧಾವಿಸಿತು. ದುರ್ಗಿ ಮೊಣಕಾಲುದ್ದದ ನೀರಿನಲ್ಲಿ ಸಸಿಮಡಿಯತ್ತ ನಡೆದಳು. ನೀರು ಇಳಿದಂತೆ ಹಸಿರು ತುದಿಗಳು ಕಾಣತೊಡಗಿದವು. ಬಾಗಿ ಒಂದು ಸಸಿಯನ್ನು ತಡವಿ, ಬೇರು ಗಟ್ಟಿಯಾಗಿರುವುದನ್ನು ಅರಿತು, ಅಲ್ಲಿಂದಲೇ ಅಳಿವೆಯ ಕಡೆ ತಿರುಗಿ ಕೈ ಮುಗಿದಳು. ಆ ನಮಸ್ಕಾರ ಕಡಲಿಗೋ ಯಂತ್ರಕ್ಕೋ ಎಂದು ಯಾರೂ ಕೇಳಲಿಲ್ಲ. ಸುಧಾಕರ ಮಾತ್ರ ಸೀಟಿನಿಂದ ಎದ್ದು ನಿಂತು, ಮರಳಿ ಕೈ ಮುಗಿದನು.